ಪ್ರಳಯೋತ್ತರ ಶೂಟರ್ ಆಟಗಳು ಮತ್ತು ಜೋಂಬಿ ಆಟಗಳು: ಆಯ್ಕೆಯ ಒಂದು ವಿವೇಚನೆ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ವಿಡಿಯೋ ಗೇಮುಗಳ ವಿಚಾರಕ್ಕೆ ಏನು ಕೆಲಸವೆಂದು ಕೆಲವು ವಾಚಕರು ಕೇಳಬಹುದು. ಇದಕ್ಕೆ ಉತ್ತರವು ನಮ್ಮ ತರಗತಿಗಳಲ್ಲಿಯೇ ಇದೆ. ೧೯೮೬ರ ಚೆರ್ನೋಬಿಲ್ ಅಪಘಾತವನ್ನು ಕುರಿತು ಬರೆಯಲು ಹೇಳಿದಾಗ, ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ಅಲ್ಲಿ ೨೦೦೬ರಲ್ಲಿ ಎರಡನೆಯ ಸ್ಫೋಟವೊಂದು ಸಂಭವಿಸಿತೆಂದು ನಿಸ್ಸಂಶಯವಾಗಿ ಬರೆದನು. ಅಂತಹ ಸ್ಫೋಟವು ನಡೆದದ್ದು ಒಂದು ಆಟದ ಕಥೆಯಲ್ಲಿ ಮಾತ್ರ. ವಿದ್ಯಾರ್ಥಿಯು ಸೋಮಾರಿಯಲ್ಲ, ಆ ಪ್ರದೇಶದ ಪ್ರಿಪ್ಯಾತ್ ನಗರದ ಕಟ್ಟಡಗಳು ಯಾವುದರ ಪಕ್ಕ ಯಾವುದಿದೆ ಎಂಬುದನ್ನು ಅವನು ನನಗಿಂತ ಚೆನ್ನಾಗಿ ಬಲ್ಲನು. ತಪ್ಪನ್ನು ತಿದ್ದಿದ ಮೇಲೆ ಅವನು ಕೇಳಿದ ಪ್ರಶ್ನೆಯೇ ಪ್ರಸ್ತುತ ಲೇಖನಕ್ಕೆ ವಿಷಯವಾಯಿತು. ಲೋಕವು ಹಾಳಾದ ಮೇಲಿನ ಕಥೆಯನ್ನು ಹೇಳುವ ಶೂಟರ್ ಆಟಗಳು, ಜೋಂಬಿಗಳಿಂದ ಜೀವ ಉಳಿಸಿಕೊಳ್ಳುವ ಆಟಗಳು ಎಂದು ಎರಡು ಬಗೆಗಳಿವೆಯಷ್ಟೆ. ಇತಿಹಾಸದ ವಿದ್ಯಾರ್ಥಿಯು ಬಿಡುವಿನ ವೇಳೆಯಲ್ಲಿ ಒಂದನ್ನೇ ಆಡುವುದಾದರೆ ಯಾವುದನ್ನು ಆಡಬೇಕು?

ಪ್ರಶ್ನೆಯು ಹಗುರವಾಗಿ ಕಂಡರೂ ಉತ್ತರವು ಹಗುರವಲ್ಲ. ಅಂಗಡಿಗಳಲ್ಲಿ ಈ ಎರಡು ಬಗೆಗಳನ್ನು ಒಂದೇ ಸಾಲಿನಲ್ಲಿ ಇರಿಸುವುದು ವಾಡಿಕೆ. ಎರಡರಲ್ಲಿಯೂ ಪಾಳುಬಿದ್ದ ನಗರಗಳುಂಟು, ಬಂದೂಕುಗಳುಂಟು, ವಿಕಾರರೂಪದ ಜೀವಿಗಳುಂಟು. ಆದರೆ ಹೊರ ಚಿಹ್ನೆಗಳನ್ನು ಬದಿಗಿಟ್ಟು ನೋಡಿದರೆ ಇವುಗಳೊಳಗೆ ಅಡಗಿರುವ ಇತಿಹಾಸದ ಕಲ್ಪನೆಗಳು ಪರಸ್ಪರ ವಿರುದ್ಧವಾದವುಗಳೆಂದು ತಿಳಿಯುತ್ತದೆ. ಮೊದಲನೆಯ ಬಗೆಯಲ್ಲಿ ದುರಂತವು ಮುಗಿದುಹೋಗಿದೆ. ಅದನ್ನು ತಂದವರು ಮನುಷ್ಯರು. ಆಡುವವನು ಅದರ ಅವಶೇಷಗಳ ನಡುವೆ ನಡೆಯುತ್ತಾನೆ. ಎರಡನೆಯದರಲ್ಲಿ ದುರಂತವು ಇನ್ನೂ ನಡೆಯುತ್ತಲೇ ಇದೆ. ಅದಕ್ಕೆ ಕರ್ತೃವಿಲ್ಲ, ಇದ್ದರೂ ಅವನು ಮುಖ್ಯನಲ್ಲ. ಆಡುವವನು ಇಂದಿನ ರಾತ್ರಿಯನ್ನು ಕಳೆಯುವುದು ಹೇಗೆಂದು ಮಾತ್ರ ಯೋಚಿಸುತ್ತಾನೆ.

‘ಪ್ರಳಯೋತ್ತರ’ ಎಂಬ ಶಬ್ದವನ್ನು ಇಲ್ಲಿ ಅನುಕೂಲಕ್ಕಾಗಿ ಬಳಸಿದ್ದೇನೆ. ನಮ್ಮ ಪುರಾಣಗಳ ಪ್ರಳಯವಾದ ಮೇಲೆ ಬಂದೂಕು ಹಿಡಿಯುವುದಕ್ಕೆ ಯಾರೂ ಉಳಿದಿರುವುದಿಲ್ಲ, ಕಾಲಚಕ್ರವೇ ಹೊಸದಾಗಿ ತಿರುಗಬೇಕು. ಪಾಶ್ಚಾತ್ಯರ ‘ಅಪೊಕಲಿಪ್ಸ್’ ಎಂಬ ಗ್ರೀಕ್ ಮೂಲದ ಶಬ್ದಕ್ಕಾದರೋ ಮುಸುಕು ತೆಗೆಯುವುದು ಎಂದೇ ಅರ್ಥ. ಲೋಕವು ಕುಸಿದಾಗ ಅದರ ನಿಜರೂಪವು ಬಯಲಾಗುತ್ತದೆಂಬ ಈ ಭಾವನೆಯೇ ಮೊದಲನೆಯ ಬಗೆಯ ಆಟಗಳ ಜೀವಾಳ.

ಕೊನೆಯ ಮನುಷ್ಯನ ಕಥೆಯನ್ನು ಮೇರಿ ಶೆಲ್ಲಿಯು ೧೮೨೬ರಷ್ಟು ಹಿಂದೆಯೇ ಕಾದಂಬರಿಯಾಗಿಸಿದ್ದಳು. ಅಲ್ಲಿ ಮನುಷ್ಯಕುಲವನ್ನು ಅಳಿಸುವುದು ಮಹಾಮಾರಿ. ೧೯೪೫ರ ಆಗಸ್ಟಿನಲ್ಲಿ ಹಿರೋಶಿಮಾ ಮತ್ತು ನಾಗಸಾಕಿ ನಗರಗಳು ಸುಟ್ಟುಹೋದ ಮೇಲೆ ಇಂತಹ ಕಥೆಗಳ ಸ್ವರೂಪವೇ ಬದಲಾಯಿತು. ಲೋಕಾಂತ್ಯವು ದೈವಾಧೀನವಾಗಿ ಉಳಿಯದೆ, ಕೆಲವು ಕಚೇರಿಗಳಲ್ಲಿ ಕುಳಿತವರ ನಿರ್ಧಾರಕ್ಕೆ ಒಳಪಟ್ಟ ವಿಷಯವಾಯಿತು. ಅಮೆರಿಕದಲ್ಲಿ ೧೯೯೭ರಲ್ಲಿ ಪ್ರಕಟವಾದ ‘ಫಾಲ್‌ಔಟ್’ ಈ ಪರಂಪರೆಗೆ ಸೇರಿದ್ದು. ಅದರ ಮೂರನೆಯ ಆಟವು ೨೦೦೮ರಲ್ಲಿ ಬಂದಾಗ ಆಡುವವನು ೨೨೭೭ನೆಯ ವರ್ಷದ ವಾಷಿಂಗ್ಟನ್ ನಗರದ ಹಾಳುಗಳಲ್ಲಿ ಅಲೆಯುವಂತಾಯಿತು; ಕಥೆಯ ಪ್ರಕಾರ ಯುದ್ಧವು ಎರಡು ಶತಮಾನಗಳ ಹಿಂದೆ, ೨೦೭೭ರ ಅಕ್ಟೋಬರ್ ೨೩ರಂದು, ನಡೆದುಹೋಗಿದೆ. ಸ್ಫೋಟಿಸದೆ ಉಳಿದ ಬಾಂಬೊಂದರ ಸುತ್ತ ಕಟ್ಟಿಕೊಂಡ ಮೆಗಾಟನ್ ಎಂಬ ಊರು ಅಲ್ಲಿದೆ. ಆ ಬಾಂಬನ್ನು ನಿಷ್ಕ್ರಿಯಗೊಳಿಸುವುದೂ ಹಣದಾಸೆಗೆ ಸಿಡಿಸುವುದೂ ಆಡುವವನ ಇಚ್ಛೆಗೆ ಬಿಟ್ಟದ್ದು.

ಈ ಆಟವು ದೇಶದಿಂದ ದೇಶಕ್ಕೆ ಹೋದ ಬಗೆಯು ಆಟಕ್ಕಿಂತಲೂ ಸ್ವಾರಸ್ಯಕರವಾಗಿದೆ. ಜಪಾನಿನ ಆವೃತ್ತಿಯಲ್ಲಿ ಬಾಂಬನ್ನು ಸಿಡಿಸುವ ಅವಕಾಶವನ್ನೇ ತೆಗೆದುಹಾಕಲಾಯಿತು. ‘ಫ್ಯಾಟ್ ಮ್ಯಾನ್’ ಎಂಬ ಆಯುಧದ ಹೆಸರನ್ನೂ ಬದಲಾಯಿಸಲಾಯಿತು, ಏಕೆಂದರೆ ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಹೆಸರು ಅದೇ ಆಗಿತ್ತು. ನಮ್ಮ ದೇಶದಲ್ಲಿಯಂತೂ ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಬಾಕ್ಸ್ ೩೬೦ ಯಂತ್ರದ ಆವೃತ್ತಿಯನ್ನು ಸಾಂಸ್ಕೃತಿಕ ಸೂಕ್ಷ್ಮತೆಗಳ ಕಾರಣವನ್ನು ಮುಂದಿಟ್ಟು ೨೦೦೮ರಲ್ಲಿ ಬಿಡುಗಡೆ ಮಾಡಲೇ ಇಲ್ಲ. ವಿಕಿರಣದಿಂದ ಎರಡು ತಲೆಗಳನ್ನು ಪಡೆದ ಹಸುಗಳಿಗೆ ಆಟದಲ್ಲಿ ‘ಬ್ರಾಹ್ಮಿನ್’ ಎಂಬ ಹೆಸರಿರುವುದೇ ಕಾರಣವಿರಬೇಕೆಂದು ಹಲವರು ಊಹಿಸಿದರು. ಕಲ್ಪಿತ ಭವಿಷ್ಯದ ಕಥೆಯೊಂದು ಜಪಾನಿನಲ್ಲಿ ಗತಕಾಲದ ಗಾಯವನ್ನೂ ಭಾರತದಲ್ಲಿ ವರ್ತಮಾನದ ಶ್ರದ್ಧೆಯನ್ನೂ ಮುಟ್ಟಿತೆಂಬುದು, ಈ ಆಟಗಳು ಬರಿಯ ಹುಡುಗಾಟಗಳಲ್ಲವೆಂಬುದಕ್ಕೆ ಸಾಕಷ್ಟು ಸಾಕ್ಷ್ಯ.

ನಮ್ಮ ವಿವೇಚನೆಗೆ ಇದಕ್ಕಿಂತ ಹತ್ತಿರವಾದುವು ಯುಕ್ರೇನಿನ ಕೀವ್ ನಗರದಲ್ಲಿ ಹುಟ್ಟಿದ ಎರಡು ಆಟಗಳು. ೨೦೧೦ರಲ್ಲಿ ಬಂದ ‘ಮೆಟ್ರೋ ೨೦೩೩’ಕ್ಕೆ ರಷ್ಯದ ಲೇಖಕ ದ್ಮಿತ್ರಿ ಗ್ಲುಖೋವ್‌ಸ್ಕಿಯ ಕಾದಂಬರಿಯು ಆಧಾರ. ಪರಮಾಣು ಯುದ್ಧದಿಂದ ಭೂಮಿಯ ಮೇಲ್ಮೈಯು ವಾಸಯೋಗ್ಯವಾಗಿ ಉಳಿಯದೆ, ಮಾಸ್ಕೋದ ಭೂಗತ ರೈಲ್ವೆಯ ನಿಲ್ದಾಣಗಳಲ್ಲಿ ಜನರು ಇಪ್ಪತ್ತು ವರ್ಷ ಬದುಕಿದ್ದಾರೆ. ಒಂದೊಂದು ನಿಲ್ದಾಣವೂ ಒಂದೊಂದು ರಾಜ್ಯ. ಕೆಂಪು ಮಾರ್ಗದಲ್ಲಿ ಕಮ್ಯುನಿಸ್ಟರು ಆಳುತ್ತಾರೆ. ಪಕ್ಕದಲ್ಲಿ ಹಿಟ್ಲರನ ಚಿಹ್ನೆಗಳನ್ನು ಧರಿಸಿದ ಪಂಗಡವೊಂದಿದೆ. ವರ್ತುಲ ಮಾರ್ಗವನ್ನು ಹಿಡಿದಿರುವ ವರ್ತಕರ ಕೂಟಕ್ಕೆ ಮಧ್ಯಯುಗದ ಜರ್ಮನ್ ವರ್ತಕ ನಗರಗಳ ಒಕ್ಕೂಟದ ನೆನಪಿನಲ್ಲಿ ಹಾನ್ಸಾ ಎಂಬ ಹೆಸರುಂಟು. ಇಪ್ಪತ್ತನೆಯ ಶತಮಾನದ ಯುರೋಪಿನ ರಾಜಕೀಯವೆಲ್ಲವೂ ಸುರಂಗದೊಳಕ್ಕೆ ಇಳಿದು, ಅನ್ನವಿಲ್ಲದಿದ್ದರೂ ಧ್ವಜಗಳನ್ನು ಬಿಡದೆ ಉಳಿಸಿಕೊಂಡಿರುವ ಚಿತ್ರವಿದು. ಪರಿಹಾಸವೆನಿಸಬಹುದು, ಆದರೆ ಪಾಠದಲ್ಲಿ ‘ಸಿದ್ಧಾಂತಗಳ ಸಂಘರ್ಷ’ ಎಂಬ ಒಣ ಮಾತಿನಿಂದ ವಿದ್ಯಾರ್ಥಿಗಳಿಗೆ ಹಿಡಿಸದ ವಿಷಯವು ಇಲ್ಲಿ ಎರಡು ನಿಲ್ದಾಣಗಳ ನಡುವಣ ಕತ್ತಲೆಯಲ್ಲಿ ಹಿಡಿಸುತ್ತದೆ.

ಈ ಆಟದ ಆರ್ಥಿಕ ವ್ಯವಸ್ಥೆಯನ್ನು ವಿಶೇಷವಾಗಿ ಗಮನಿಸಬೇಕು. ಯುದ್ಧಕ್ಕೆ ಮುಂಚೆ ಕಾರ್ಖಾನೆಗಳಲ್ಲಿ ತಯಾರಾದ ಉತ್ತಮ ಗುಂಡುಗಳೇ ಅಲ್ಲಿ ನಾಣ್ಯ. ಸುರಂಗದಲ್ಲಿ ತಯಾರಿಸಿದ ಕೊಳಕು ಗುಂಡುಗಳು ದುರ್ಬಲ, ಅವನ್ನು ಯಾರೂ ಹಣವೆಂದು ಸ್ವೀಕರಿಸುವುದಿಲ್ಲ. ಸಂಕಟದ ಸಮಯದಲ್ಲಿ ಉತ್ತಮ ಗುಂಡನ್ನು ಹಾರಿಸಿದರೆ ಶತ್ರುವು ಬೇಗ ಬೀಳುತ್ತಾನೆ, ಆದರೆ ಹಾರಿದ್ದು ಹಣ. ಸಾಮಾನ್ಯ ಶೂಟರ್ ಆಟದಲ್ಲಿ ಗುಂಡಿಗೆ ಬೆಲೆಯೇ ಇಲ್ಲ; ಇಲ್ಲಿ ಒಂದೊಂದಕ್ಕೂ ಲೆಕ್ಕವಿಡಬೇಕು. ವಿಷಗಾಳಿಯನ್ನು ಸೋಸುವ ಮುಖವಾಡಕ್ಕೂ ಅವಧಿಯುಂಟು. ಶೋಧಕವು ಮುಗಿಯುತ್ತ ಬಂದಂತೆ ಉಸಿರಾಟದ ಶಬ್ದವು ಭಾರವಾಗುತ್ತದೆ. ಅಲ್ಲದೆ ಆಟವು ಆಡುವವನಿಗೆ ತಿಳಿಸದೆಯೇ ಅವನ ನಡತೆಯನ್ನು ಗುರುತಿಸಿಕೊಳ್ಳುತ್ತದೆ. ಭಿಕ್ಷುಕನಿಗೆ ಗುಂಡೊಂದನ್ನು ಕೊಟ್ಟನೇ, ನಿಲ್ದಾಣದ ಮುದುಕರ ಮಾತನ್ನು ನಿಂತು ಕೇಳಿದನೇ ಎಂಬಂತಹ ಸಂಗತಿಗಳಿಂದ ಕಥೆಯ ಅಂತ್ಯವು ಬೇರೆಯಾಗಬಲ್ಲದು. ಓಡುತ್ತ ಹೋಗುವವನಿಗೆ ಈ ಎರಡನೆಯ ಅಂತ್ಯವು ದೊರೆಯುವುದಿಲ್ಲ. ಪರರ ನೆನಪುಗಳನ್ನು ತಾಳ್ಮೆಯಿಂದ ಕೇಳುವವನಿಗೆ ಪ್ರತಿಫಲ ಕೊಡುವ ಶೂಟರ್ ಆಟವು ಅಪರೂಪವೆಂದೇ ಹೇಳಬೇಕು.

ಇದಕ್ಕೆ ಮೂರು ವರ್ಷ ಹಿಂದೆ, ೨೦೦೭ರಲ್ಲಿ, ಬಂದ ‘ಸ್ಟಾಕರ್: ಶ್ಯಾಡೋ ಆಫ್ ಚೆರ್ನೋಬಿಲ್’ ನಮ್ಮ ವಿದ್ಯಾರ್ಥಿಯನ್ನು ದಾರಿತಪ್ಪಿಸಿದ ಆಟ. ‘ಸ್ಟಾಕರ್’ ಎಂಬ ಹೆಸರೂ ‘ವಲಯ’ದ ಕಲ್ಪನೆಯೂ ಸ್ಟ್ರುಗಾತ್ಸ್ಕಿ ಸಹೋದರರ ೧೯೭೨ರ ಕಾದಂಬರಿಯಿಂದಲೂ ತಾರ್ಕೋವ್‌ಸ್ಕಿಯ ೧೯೭೯ರ ಚಲನಚಿತ್ರದಿಂದಲೂ ಬಂದವು, ಎಂದರೆ, ಪ್ರವೇಶ ನಿಷಿದ್ಧವಾದ ವಲಯದ ಕಲ್ಪನೆಯು ಮೊದಲು ಹುಟ್ಟಿತು, ನಿಜವಾದ ವಲಯವು ಅನಂತರ ಬಂದಿತು. ಆಟವನ್ನು ರಚಿಸಿದವರು ಚೆರ್ನೋಬಿಲ್ ಪ್ರದೇಶಕ್ಕೆ ಹೋಗಿ ಛಾಯಾಚಿತ್ರಗಳನ್ನು ತೆಗೆದು ಪ್ರಿಪ್ಯಾತ್‌ನ ಕಟ್ಟಡಗಳನ್ನು ಪುನಾರಚಿಸಿದರು. ೧೯೮೬ರ ಮೇ ಒಂದರಂದು ತೆರೆಯಬೇಕಾಗಿದ್ದ ಉದ್ಯಾನದ ದೊಡ್ಡ ತಿರುಗುಚಕ್ರವು ಅಲ್ಲಿಯೂ ನಿಂತಿದೆ. ಕಟ್ಟಡಗಳ ವಿಷಯದಲ್ಲಿ ಈ ಆಟವು ಬಹುಮಟ್ಟಿಗೆ ನಂಬಿಕೆಗೆ ಅರ್ಹವಾದ ಸಾಕ್ಷಿ, ಘಟನೆಗಳ ವಿಷಯದಲ್ಲಿ ಕಟ್ಟುಕಥೆಗಾರ. ಇಂತಹ ಸಾಕ್ಷಿಗಳನ್ನು ನಾವು ಶಾಸನಗಳಲ್ಲಿಯೂ ಕಂಡಿದ್ದೇವೆ. ಸೀಮೆಯ ಗಡಿಗಳನ್ನು ಹಳ್ಳಕೊಳ್ಳ ಸಹಿತ ಸರಿಯಾಗಿ ಹೇಳಿ, ದಾನಿಯ ವಂಶಾವಳಿಯನ್ನು ಚಂದ್ರನಿಂದ ಆರಂಭಿಸುವ ತಾಮ್ರಪಟಗಳು ಎಷ್ಟಿಲ್ಲ!

ಇನ್ನು ಜೋಂಬಿ ಆಟಗಳು. ‘ಜೋಂಬಿ’ ಎಂಬ ಶಬ್ದಕ್ಕೆ ಆಫ್ರಿಕದ ಭಾಷೆಗಳಲ್ಲಿ ಮೂಲವುಂಟೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಅದಕ್ಕೆ ನಮಗೆ ಪರಿಚಿತವಾದ ಅರ್ಥವು ಬಂದದ್ದು ಹೈಟಿಯಲ್ಲಿ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ದುಡಿದು ಸತ್ತ ಗುಲಾಮರ ನಾಡು ಅದು. ಅಲ್ಲಿನ ಜನರು ಹೆದರುತ್ತಿದ್ದುದು ಜೋಂಬಿಯು ತಮ್ಮನ್ನು ತಿಂದೀತೆಂದಲ್ಲ, ತಾವೇ ಜೋಂಬಿಯಾದೇವೆಂದು. ಎಂದರೆ ಸತ್ತ ಮೇಲೆಯೂ ಒಡೆಯನ ಕೈಕೆಳಗೆ ದುಡಿಯುವುದು ತಪ್ಪಲಾರದೆಂದು. ಅಮೆರಿಕದ ಸೇನೆಯು ಹೈಟಿಯನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ (೧೯೧೫–೧೯೩೪) ಈ ಶಬ್ದವು ಪ್ರವಾಸಕಥನಗಳ ಮೂಲಕ ಅಮೆರಿಕದ ವಾಚಕರಿಗೆ ಮುಟ್ಟಿತು. ವಿಲಿಯಂ ಸೀಬ್ರೂಕನ ಗ್ರಂಥವು ಬಂದದ್ದು ೧೯೨೯ರಲ್ಲಿ. ಮೂರು ವರ್ಷಗಳಲ್ಲಿ ಚಲನಚಿತ್ರವೂ ಬಂದಿತು. ಜಾರ್ಜ್ ರೊಮೆರೋ ೧೯೬೮ರಲ್ಲಿ ತೆಗೆದ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಚಿತ್ರದಲ್ಲಿ ಒಡೆಯನು ಮಾಯವಾಗಿ, ಶವಗಳು ಯಾರ ಆಜ್ಞೆಯೂ ಇಲ್ಲದೆ ಗುಂಪುಗುಂಪಾಗಿ ಬಂದು ಬದುಕಿರುವವರನ್ನು ತಿನ್ನತೊಡಗಿದವು. ಆ ಚಿತ್ರದಲ್ಲಿ ಅವನ್ನು ಜೋಂಬಿಗಳೆಂದು ಕರೆದೇ ಇಲ್ಲ. ಹೆಸರು ಆಮೇಲೆ ಅಂಟಿಕೊಂಡಿತು. ಹೀಗೆ ಗುಲಾಮಗಿರಿಯ ಸ್ಮೃತಿಯಾಗಿದ್ದುದು ನಲವತ್ತು ವರ್ಷಗಳಲ್ಲಿ ಗುಂಪಿನ ಭಯವಾಗಿ ಪರಿವರ್ತನೆ ಹೊಂದಿತು. ಇಂದಿನ ಆಟಗಳಲ್ಲಿ ಹೈಟಿಯ ಗುರುತು ಬಹುತೇಕ ಅಳಿಸಿಹೋಗಿದೆ, ಮತ್ತು ಈ ಅಳಿಸುವಿಕೆಯೇ ಆ ಬಗೆಯ ಮುಖ್ಯ ದೋಷವೆಂದು ನನ್ನ ಅಭಿಪ್ರಾಯ.

ಆಟಗಳಲ್ಲಿ ಈ ಬಗೆಗೆ ಖ್ಯಾತಿ ತಂದದ್ದು ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯ ‘ರೆಸಿಡೆಂಟ್ ಈವಿಲ್’ (೧೯೯೬). ಅದರಲ್ಲಿ ಪಾತ್ರವು ಹೊತ್ತುಕೊಳ್ಳಬಹುದಾದ ವಸ್ತುಗಳು ಆರು ಅಥವಾ ಎಂಟು ಮಾತ್ರ. ಆಟದ ಪ್ರಗತಿಯನ್ನು ಉಳಿಸಿಡಲು ಬೆರಳಚ್ಚು ಯಂತ್ರಕ್ಕೆ ಶಾಯಿಯ ಪಟ್ಟಿಯನ್ನು ಹುಡುಕಿ ತರಬೇಕು, ಆ ಪಟ್ಟಿಗಳೂ ಎಣಿಕೆಯವು. ೨೦೧೨ರ ‘ಡೇಝಿ’ ಆಟವನ್ನು ರೂಪಿಸಿದ ಡೀನ್ ಹಾಲ್ ನ್ಯೂಜಿಲೆಂಡಿನ ಸೇನೆಯಲ್ಲಿದ್ದವನು. ಬ್ರೂನೈಯ ಕಾಡಿನಲ್ಲಿ ಸೈನಿಕ ತರಬೇತಿಯ ವೇಳೆ ಹಸಿವಿನಿಂದ ನರಳಿದ ಅನುಭವವೇ ಆಟಕ್ಕೆ ಬೀಜವಾಯಿತು. ಅಲ್ಲಿ ಒಮ್ಮೆ ಸತ್ತರೆ ಗಳಿಸಿದ್ದೆಲ್ಲವೂ ಹೋಯಿತು. ಜೋಂಬಿಗಳಿಗಿಂತಲೂ, ಅಂತರಜಾಲದ ಮೂಲಕ ಅದೇ ಕಾಡಿನಲ್ಲಿ ಆಡುತ್ತಿರುವ ಅಪರಿಚಿತ ಮನುಷ್ಯನೇ ಅಲ್ಲಿ ಹೆಚ್ಚು ಅಪಾಯಕಾರಿ.

ಈ ಬಗೆಯಲ್ಲಿ ಇತಿಹಾಸಕಾರನಿಗೆ ರುಚಿಸಬಹುದಾದದ್ದು ಬ್ರಿಟನ್ನಿನ ಸಣ್ಣ ತಂಡವೊಂದು ರಚಿಸಿದ ‘ಪ್ರಾಜೆಕ್ಟ್ ಜಾಂಬಾಯ್ಡ್’. ಕಾಲ ೧೯೯೩ರ ಜುಲೈ, ಸ್ಥಳ ಅಮೆರಿಕದ ಕೆಂಟಕಿ. ಇದಕ್ಕೆ ಗೆಲವೆಂಬುದೇ ಇಲ್ಲ. ನೀವು ಹೇಗೆ ಸತ್ತಿರಿ ಎಂಬುದೇ ಕಥೆಯೆಂದು ಆಟವು ಆರಂಭದಲ್ಲಿಯೇ ಸೂಚಿಸುತ್ತದೆ. ಮೊದಲ ದಿನಗಳಲ್ಲಿ ಟೆಲಿವಿಷನ್ನು ನಡೆಯುತ್ತಿರುತ್ತದೆ. ಅಡಿಗೆಯ ಮತ್ತು ಬಡಗಿ ಕೆಲಸದ ಪಾಠಗಳನ್ನು ನೋಡಿ ಪಾತ್ರವು ಆ ವಿದ್ಯೆಗಳನ್ನು ಕಲಿಯಬಹುದು. ಆಮೇಲೆ ಪ್ರಸಾರವು ನಿಲ್ಲುತ್ತದೆ. ಅನಂತರ ವಿದ್ಯುತ್ತು ಹೋಗುತ್ತದೆ, ನಲ್ಲಿಯ ನೀರೂ ನಿಲ್ಲುತ್ತದೆ. ಶೀತಪೆಟ್ಟಿಗೆಯಲ್ಲಿದ್ದ ಆಹಾರವು ಕೆಡುತ್ತದೆ. ಡಬ್ಬಿಯ ಆಹಾರವನ್ನು ಎಣಿಸಬೇಕು, ಮಳೆನೀರನ್ನು ಹಿಡಿದು ಕಾಯಿಸಬೇಕು, ಬಿತ್ತನೆಯ ಕಾಲವನ್ನು ನೋಡಿಕೊಳ್ಳಬೇಕು. ಬೇಸರ ಮತ್ತು ಖಿನ್ನತೆಗಳೂ ಹಸಿವಿನಂತೆ ಎಣಿಕೆಗೆ ಸೇರಿವೆ. ನಾಗರಿಕತೆಯೆಂಬುದು ಕೊಳವೆ, ತಂತಿ, ಉಗ್ರಾಣಗಳ ಮೇಲೆ ನಿಂತಿದೆಯೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಆಟವನ್ನು ನಾನು ಕಂಡಿಲ್ಲ. ಅರಮನೆಯ ಇತಿಹಾಸವನ್ನು ಬಿಟ್ಟು ಒಲೆಯ ಇತಿಹಾಸವನ್ನು ಬರೆಯಬೇಕೆನ್ನುವವರಿಗೆ ಇಲ್ಲಿ ಒಳ್ಳೆಯ ಅಭ್ಯಾಸವಿದೆ.

ಆದರೂ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಪ್ರಳಯೋತ್ತರ ಶೂಟರನ್ನೇ ಹೇಳುತ್ತೇನೆ. ಕಾರಣವು ಸತ್ತವರ ವಿಷಯದಲ್ಲಿದೆ. ‘ಫಾಲ್‌ಔಟ್’ನಲ್ಲಿ ಪಾಳುಮನೆಯ ಬಾಗಿಲನ್ನು ತೆರೆದರೆ ಮಂಚದ ಮೇಲೆ ಎರಡು ಅಸ್ಥಿಪಂಜರಗಳು ಒಂದರ ಪಕ್ಕದಲ್ಲೊಂದು ಮಲಗಿರಬಹುದು, ಹತ್ತಿರದ ಗಣಕದಲ್ಲಿ ಕೊನೆಯ ದಿನದ ಟಿಪ್ಪಣಿಯಿರಬಹುದು. ಸತ್ತವರು ಅಲ್ಲಿ ಆಕರಗಳು. ಅವರು ಯಾರು, ಹೇಗೆ ಸತ್ತರು, ಯಾರ ತಪ್ಪಿನಿಂದ ಸತ್ತರು ಎಂಬುದನ್ನು ಆಡುವವನು ಕೂಡಿಸಿಕೊಳ್ಳುತ್ತಾನೆ. ಜೋಂಬಿ ಆಟದಲ್ಲಿ ಸತ್ತವರೇ ಶತ್ರುಗಳು. ಅವರಿಗೆ ಹೆಸರಿಲ್ಲ, ಪೂರ್ವವೃತ್ತಾಂತವಿಲ್ಲ. ಸಂಖ್ಯೆ ಮಾತ್ರ ಉಂಟು. ಅವರನ್ನು ಎರಡನೆಯ ಸಲ ಕೊಲ್ಲುವುದು ಪಾಪವಲ್ಲವೆಂಬ ಒಪ್ಪಂದದ ಮೇಲೆಯೇ ಆಟವೆಲ್ಲವೂ ನಿಂತಿದೆ. ರೋಗ ತಗುಲಿದ ನೆರೆಯವನು ಇನ್ನು ಮನುಷ್ಯನಲ್ಲವೆಂಬ ಈ ಒಪ್ಪಂದವನ್ನು ಇತಿಹಾಸವನ್ನು ಓದುವವನು ಅಷ್ಟು ಸುಲಭವಾಗಿ ಸಹಿ ಮಾಡಲಾರನು.

ಎರಡನೆಯ ಕಾರಣವೊಂದಿದೆ. ಜೋಂಬಿ ಆಟಗಳಲ್ಲಿ ದುರಂತ ಬಂದೊಡನೆ ಸರ್ಕಾರ, ಸಮಾಜ ಎಲ್ಲವೂ ಹೊಗೆಯಂತೆ ಕರಗುತ್ತವೆ. ವಾಸ್ತವದಲ್ಲಿ ಹಾಗೆ ನಡೆಯುವುದು ಅಪೂರ್ವ. ಚೆರ್ನೋಬಿಲ್‌ನ ನಾಲ್ಕನೆಯ ಸ್ಥಾವರವು ೧೯೮೬ರ ಏಪ್ರಿಲ್ ೨೬ರ ನಡುರಾತ್ರಿಯ ಅನಂತರ ಸ್ಫೋಟಿಸಿತು. ಮರುದಿನ ಮಧ್ಯಾಹ್ನ ಸಾವಿರಕ್ಕೂ ಹೆಚ್ಚು ಬಸ್ಸುಗಳು ಪ್ರಿಪ್ಯಾತ್‌ನ ಸುಮಾರು ೪೯,೦೦೦ ಜನರನ್ನು ಕೆಲವೇ ಗಂಟೆಗಳಲ್ಲಿ ಸಾಗಿಸಿದವು. ಜನರು ಸಾಲಾಗಿ ನಿಂತು ಬಸ್ಸು ಹತ್ತಿದರು. ಅಲ್ಲಿನ ಅನ್ಯಾಯವಿದ್ದದ್ದು ಅರಾಜಕತೆಯಲ್ಲಲ್ಲ. ಒಂದೂವರೆ ದಿನ ಅವರಿಗೆ ಏನನ್ನೂ ಹೇಳದಿದ್ದುದರಲ್ಲಿ, ಬೇಗನೆ ಹಿಂತಿರುಗುವಿರೆಂದು ನಂಬಿಸಿದುದರಲ್ಲಿ. ಮೊದಲನೆಯ ಬಗೆಯ ಆಟಗಳು ಸುಳ್ಳು ಹೇಳುವ ಅಧಿಕಾರಿಗಳನ್ನು ಬಲ್ಲವು. ಎರಡನೆಯ ಬಗೆಯಲ್ಲಿ ಅಧಿಕಾರಿಯು ಕಾಣಿಸಿಕೊಳ್ಳುವುದೇ ಕಡಿಮೆ.

ಗೆರೆಯು ಎಲ್ಲೆಡೆಯೂ ಸ್ಪಷ್ಟವಾಗಿಲ್ಲವೆಂಬುದನ್ನು ಒಪ್ಪಬೇಕು. ೨೦೧೩ರ ‘ದ ಲಾಸ್ಟ್ ಆಫ್ ಅಸ್’ನಲ್ಲಿ ಶಿಲೀಂಧ್ರ ತಗುಲಿದವರು ಜೋಂಬಿಗಳಂತೆಯೇ ಎರಗುತ್ತಾರೆ, ಕಥೆಯು ಮಾತ್ರ ದುರಂತವಾಗಿ ಇಪ್ಪತ್ತು ವರ್ಷ ಕಳೆದ ಮೇಲಿನದು. ಇಂತಹ ಕಡೆಗಳಲ್ಲಿ ಹೆಸರನ್ನು ಬಿಟ್ಟು, ಸತ್ತವರನ್ನು ಆಟವು ಹೇಗೆ ನಡೆಸಿಕೊಳ್ಳುತ್ತದೆಂದು ನೋಡಿದರೆ ಸಾಕು.

ವ್ಯಾವಹಾರಿಕವಾದ ಕೆಲವು ಮಾತುಗಳು. ಮೇಲೆ ಹೇಳಿದ ಆಟಗಳಲ್ಲಿ ಬಹುಪಾಲು ವಯಸ್ಕರಿಗೆ ಮಾತ್ರವೆಂದು ವರ್ಗೀಕೃತವಾದವು. ಮನೆಯಲ್ಲಿ ಮಕ್ಕಳಿರುವವರು ಇದನ್ನು ಮರೆಯಬಾರದು. ‘ಮೆಟ್ರೋ ೨೦೩೩’ ಆರಂಭ ಮತ್ತು ಅಂತ್ಯವುಳ್ಳದ್ದು, ಒಂದು ವಾರದ ರಜೆಯಲ್ಲಿ ಮುಗಿಯುತ್ತದೆ. ‘ಪ್ರಾಜೆಕ್ಟ್ ಜಾಂಬಾಯ್ಡ್’ ಸಾಮಾನ್ಯ ಗಣಕದಲ್ಲಿಯೂ ನಡೆಯುತ್ತದೆ, ಆದರೆ ಮುಗಿಯುವುದಿಲ್ಲ; ಪರೀಕ್ಷೆ ಹತ್ತಿರವಿರುವಾಗ ಅದನ್ನು ಮುಟ್ಟದಿರುವುದು ಲೇಸು. ‘ಡೇಝಿ’ಗೆ ಅಂತರಜಾಲ ಸಂಪರ್ಕವೂ ಅಪರಿಚಿತರಿಂದ ಮೋಸಹೋಗುವ ಸಹನೆಯೂ ಬೇಕು. ‘ಸ್ಟಾಕರ್’ನ ಮೊದಲ ಆಟಕ್ಕೆ ಹಳೆಯ ಯಂತ್ರವು ಸಾಕು, ಎರಡನೆಯದಕ್ಕೆ ವಿದ್ಯಾರ್ಥಿನಿಲಯದ ಹುಡುಗರ ಬಳಿ ಸಾಮಾನ್ಯವಾಗಿ ಇರುವುದಕ್ಕಿಂತ ಬಹಳ ಬಲವಾದ ಯಂತ್ರವೇ ಬೇಕು.

ಆ ಎರಡನೆಯ ಆಟದ ವಿಷಯವಾಗಿ ಇನ್ನೊಂದು ಮಾತು. ೨೦೨೨ರ ಫೆಬ್ರವರಿ ೨೪ರಂದು ರಷ್ಯದ ಸೇನೆಯು ಯುಕ್ರೇನಿನ ಮೇಲೆ ದಂಡೆತ್ತಿ ಬಂದಾಗ, ಮೊದಲ ದಿನವೇ ಚೆರ್ನೋಬಿಲ್ ವಲಯವು ಅದರ ವಶವಾಯಿತು. ಮಾರ್ಚ್ ತಿಂಗಳ ಕೊನೆಯವರೆಗೆ ಸೈನಿಕರು ಅಲ್ಲಿದ್ದರು. ಆಟದಲ್ಲಿ ಸಶಸ್ತ್ರ ಪಂಗಡಗಳು ಹೋರಾಡುವ ಅದೇ ನೆಲದಲ್ಲಿ ನಿಜವಾದ ಸೇನೆಯು ಬೀಡುಬಿಟ್ಟಿತು. ಕೀವ್ ನಗರದ ಜನರು ಬಾಂಬುಗಳಿಂದ ಪಾರಾಗಲು ಭೂಗತ ರೈಲು ನಿಲ್ದಾಣಗಳಿಗೆ ಇಳಿದು ಹಾಸಿಗೆ ಹಾಸಿಕೊಂಡರು. ‘ಮೆಟ್ರೋ’ ಕಾದಂಬರಿಯ ಕರ್ತೃವು ಯುದ್ಧವನ್ನು ವಿರೋಧಿಸಿದ್ದಕ್ಕಾಗಿ ಮಾಸ್ಕೋದ ನ್ಯಾಯಾಲಯವು ೨೦೨೩ರಲ್ಲಿ ಆತನ ಗೈರುಹಾಜರಿಯಲ್ಲಿಯೇ ಎಂಟು ವರ್ಷಗಳ ಶಿಕ್ಷೆಯನ್ನು ವಿಧಿಸಿತು. ‘ಸ್ಟಾಕರ್’ ತಂಡದ ಕೆಲವರು ಪ್ರಾಗ್ ನಗರಕ್ಕೆ ಹೋಗಿ ಕೆಲಸವನ್ನು ಮುಂದುವರಿಸಿದರು, ಕೆಲವರು ಸೇನೆಯನ್ನು ಸೇರಿದರು. ಆಟವು ಕೊನೆಗೆ ೨೦೨೪ರ ನವೆಂಬರ್ ೨೦ರಂದು ಪ್ರಕಟವಾಯಿತು. ೨೦೦೭ರ ಆಟದ ಶೀರ್ಷಿಕೆಯಲ್ಲಿ ಊರಿನ ಹೆಸರು ರಷ್ಯನ್ ರೂಪದಲ್ಲಿ ‘ಚೆರ್ನೋಬಿಲ್’ ಎಂದಿತ್ತು. ೨೦೨೪ರದರಲ್ಲಿ ಯುಕ್ರೇನಿಯನ್ ರೂಪದಲ್ಲಿ ‘ಚೋರ್ನೋಬಿಲ್’ ಎಂದಿದೆ. ಪ್ರಬಂಧಗಳಲ್ಲಿ ಈ ಆಟಗಳನ್ನು ಉಲ್ಲೇಖಿಸುವ ವಿದ್ಯಾರ್ಥಿಗಳು ಎರಡು ರೂಪಗಳನ್ನೂ ಇದ್ದಂತೆಯೇ ಬರೆಯತಕ್ಕದ್ದು.